ಬೆನ್ನುಚೀಲ ಮತ್ತು ರಹದಾರಿ: ಯುರೋಪಿನ ಅಗ್ಗದ ರೈಲುಪ್ರಯಾಣದ ಚರಿತ್ರೆ

ವೀಸಾ ಅರ್ಜಿಯೊಡನೆ ಲಗತ್ತಿಸಬೇಕಾದ ಕಾಗದಗಳಲ್ಲಿ ಪ್ರವಾಸದ ದಿನಚರಿಯೂ ಒಂದು. ಯಾವ ತಾರೀಖು, ಯಾವ ಊರು, ಯಾವ ವಸತಿ, ಮುಂದಿನ ಊರಿಗೆ ಯಾವ ವಾಹನ ಎಂದು ಅದರಲ್ಲಿ ಅಂಕಣ ಅಂಕಣವಾಗಿ ಬರೆದುಕೊಡಬೇಕು. ಕೇಂದ್ರ ಸರ್ಕಾರದ ನೌಕರಿಯಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಅಂಕಣ ತುಂಬುವುದು ಹೊಸ ಕೆಲಸವಲ್ಲ. ಆದರೂ ಕಳೆದ ತಿಂಗಳು ಪುಣೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಆ ಹಾಳೆಯನ್ನು ಹರಡಿಕೊಂಡು ಕುಳಿತಾಗ ಪೆನ್ನು ಮುಂದಕ್ಕೆ ಸಾಗಲಿಲ್ಲ. ಬರುವ ಬೇಸಿಗೆಯಲ್ಲಿ ನಾನೂ ಕಾಲೇಜಿನಲ್ಲಿ ಓದುತ್ತಿರುವ ಮಗಳೂ ಮೂರು ವಾರ ಯುರೋಪಿನಲ್ಲಿ ರೈಲಿನಲ್ಲಿ ತಿರುಗಬೇಕೆಂದಿದ್ದೇವೆ. ಬೆನ್ನಿಗೊಂದು ಚೀಲ, ಕೈಯಲ್ಲೊಂದು ರೈಲು ಪಾಸ್, ರಾತ್ರಿಗೆ ಹಾಸ್ಟೆಲಿನ ಹಂಚಿಕೆಯ ಕೋಣೆಯಲ್ಲೊಂದು ಹಾಸಿಗೆ, ಇಷ್ಟೇ ಯೋಜನೆ. ನಮ್ಮಿಬ್ಬರಿಗೂ ಇದು ಮೊದಲನೆಯ ವಿದೇಶ ಪ್ರವಾಸ.

"ಅಪ್ಪಾ, ನಾಳೆ ಎಲ್ಲಿಗೆ ಅಂತ ಇವತ್ತು ರಾತ್ರಿ ನೋಡ್ಕೊಳ್ಳೋಣ ಅಂದಿದ್ವಲ್ಲ, ಈಗ ಇದನ್ನ ಹೇಗೆ ತುಂಬೋದು?" ಎಂದಳು ಮಗಳು.

ಪ್ರಶ್ನೆ ಸರಳವಾಗಿತ್ತು, ಉತ್ತರ ನನ್ನಲ್ಲಿರಲಿಲ್ಲ. ರೈಲು ಪಾಸಿನ ಜಾಹೀರಾತುಗಳು ಮಾರುವುದು ಇದೇ ಸ್ವಾತಂತ್ರ್ಯವನ್ನು: ಮನಸ್ಸು ಬಂದ ನಿಲ್ದಾಣದಲ್ಲಿ ಇಳಿಯಿರಿ, ಮನಸ್ಸು ಬಂದ ಗಾಡಿ ಹತ್ತಿರಿ. ಆ ಸ್ವಾತಂತ್ರ್ಯ ಎಲ್ಲಿಂದ ಬಂತು, ಯಾರಿಗಾಗಿ ಹುಟ್ಟಿತು, ನಮ್ಮಂಥವರ ಪಾಲಿಗೆ ಅದರಲ್ಲಿ ಎಷ್ಟು ಬಂದಿದೆ ಎಂದು ಹುಡುಕುತ್ತ ಹೋದೆ. ಟಿಕೆಟ್, ವೇಳಾಪಟ್ಟಿ, ಹಾಸಿಗೆ, ರಹದಾರಿ ಎಂದು ನಾವು ಪಟ್ಟಿ ಮಾಡಿಕೊಂಡಿದ್ದ ಒಂದೊಂದು ಬಾಬಿನ ಹಿಂದೆಯೂ ಒಂದು ಚರಿತ್ರೆಯಿತ್ತು. ಈ ಬರಹ ಆ ಹುಡುಕಾಟದ ಫಲ.

ಟಿಕೆಟ್

ಯುರೋಪನ್ನು ಸುತ್ತುವುದು ಬಹುಕಾಲ ಶ್ರೀಮಂತರ ಮಕ್ಕಳ ವಿದ್ಯಾಭ್ಯಾಸದ ಕೊನೆಯ ಅಧ್ಯಾಯವಾಗಿತ್ತು. ಇಂಗ್ಲೆಂಡಿನ ಜಮೀನ್ದಾರಿ ಮನೆತನಗಳ ಯುವಕರು ಒಬ್ಬ ಉಪಾಧ್ಯಾಯನನ್ನೂ ಕೆಲವು ಆಳುಗಳನ್ನೂ ಕಟ್ಟಿಕೊಂಡು ಪ್ಯಾರಿಸ್, ಫ್ಲಾರೆನ್ಸ್, ರೋಮ್‌ಗಳಲ್ಲಿ ಒಂದೆರಡು ವರ್ಷ ಕಳೆದು ಬರುತ್ತಿದ್ದರು. ರಿಚರ್ಡ್ ಲ್ಯಾಸೆಲ್ಸ್ ಎಂಬವನು 1670ರ ತನ್ನ ಇಟಲಿ ಪ್ರವಾಸದ ಪುಸ್ತಕದಲ್ಲಿ ಇದನ್ನು 'ಗ್ರ್ಯಾಂಡ್ ಟೂರ್' ಎಂದು ಕರೆದ, ಹೆಸರು ನಿಂತಿತು.

ಈ ಪದ್ಧತಿಯನ್ನು ಮುರಿದವರಲ್ಲಿ ಒಬ್ಬನನ್ನು ಇಂಗ್ಲಿಷ್ ಎಂ.ಎ. ಮಾಡಿದವರೆಲ್ಲ ಓದಿರುತ್ತಾರೆ, ಆದರೆ ಈ ಕೋನದಿಂದ ನೋಡಿರುವುದಿಲ್ಲ. 1790ರ ಜುಲೈನಲ್ಲಿ ಕೇಂಬ್ರಿಜ್ ವಿದ್ಯಾರ್ಥಿ ವರ್ಡ್ಸ್‌ವರ್ತ್ ತನ್ನ ಗೆಳೆಯ ರಾಬರ್ಟ್ ಜೋನ್ಸನೊಡನೆ ಫ್ರಾನ್ಸಿನ ಕ್ಯಾಲೆ ಬಂದರಿನಲ್ಲಿ ಇಳಿದ. ಬಾಸ್ಟಿಲ್ ಸೆರೆಮನೆ ಬಿದ್ದ ಮೊದಲ ವಾರ್ಷಿಕೋತ್ಸವದ ಹಿಂದಿನ ದಿನ ಅದು. ಆಳಿಲ್ಲ, ಗಾಡಿಯಿಲ್ಲ, ತಲಾ ಇಪ್ಪತ್ತು ಪೌಂಡಿನಷ್ಟು ಹಣ, ಬಟ್ಟೆಯ ಗಂಟು ತಲೆಯ ಮೇಲೆ. ಫ್ರಾನ್ಸನ್ನು ಹಾದು, ಆಲ್ಪ್ಸ್ ದಾಟಿ, ಇಟಲಿಯ ಸರೋವರಗಳನ್ನು ನೋಡಿ, ರೈನ್ ನದಿಯ ಗುಂಟ ಅವರು ಹಿಂತಿರುಗಿದರು, ಬಹುಮಟ್ಟಿಗೆ ಕಾಲ್ನಡಿಗೆಯಲ್ಲಿ. 'ದಿ ಪ್ರಿಲ್ಯೂಡ್' ಕಾವ್ಯದ ಆರನೆಯ ಭಾಗದಲ್ಲಿ ಈ ಪ್ರಯಾಣವಿದೆ. ಪರೀಕ್ಷೆಗೆಂದು ಧಾರವಾಡದಲ್ಲಿ ಅದನ್ನು ಓದುವಾಗ ಸಿಂಪ್ಲಾನ್ ಕಣಿವೆಯ ರಮ್ಯಭವ್ಯತೆಯ ಬಗ್ಗೆ ಟಿಪ್ಪಣಿ ಬರೆದುಕೊಂಡಿದ್ದೆ; ಆ ಹುಡುಗರ ಜೇಬಿನಲ್ಲಿ ಎಷ್ಟು ಹಣವಿತ್ತು ಎಂದು ಕೇಳಿಕೊಂಡಿರಲಿಲ್ಲ. ಈಗ ಮೊದಲು ನೆನಪಾದದ್ದು ಅದೇ.

ನಡೆಯಲಾರದವರಿಗೂ ರಜೆ ಕಡಿಮೆಯಿದ್ದವರಿಗೂ ದಾರಿ ತೆರೆದದ್ದು ರೈಲು. ಬ್ರಸೆಲ್ಸ್ ಮತ್ತು ಮೆಖೆಲನ್ ನಡುವೆ 1835ರ ಮೇ ತಿಂಗಳಲ್ಲಿ ಯುರೋಪ್ ಖಂಡದ ಮೊದಲ ಉಗಿಬಂಡಿಯ ಪ್ರಯಾಣಿಕ ಮಾರ್ಗ ಆರಂಭವಾಯಿತು. ಆರು ವರ್ಷಗಳ ಬಳಿಕ, 1841ರ ಜುಲೈ 5ರಂದು, ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಲ್ಲಿ ಥಾಮಸ್ ಕುಕ್ ಎಂಬ ಬಡಗಿ ವೃತ್ತಿಯ ಮದ್ಯಪಾನವಿರೋಧಿ ಪ್ರಚಾರಕ ಸುಮಾರು 500 ಜನರನ್ನು ತಲಾ ಒಂದು ಶಿಲಿಂಗಿಗೆ ಹತ್ತಿರದ ಲಫ್‌ಬರೋ ಊರಿನ ಸಭೆಗೆ ವಿಶೇಷ ರೈಲಿನಲ್ಲಿ ಕರೆದೊಯ್ದ. ಕುಡಿತದಿಂದ ಜನರನ್ನು ಬಿಡಿಸುವುದು ಅವನ ಉದ್ದೇಶ. ಜನಕ್ಕೆ ಹಿಡಿಸಿದ್ದು ಪ್ರಯಾಣ. 1855ರಲ್ಲಿ ಅವನು ಜನರನ್ನು ಯುರೋಪ್ ಖಂಡಕ್ಕೆ, 1863ರಲ್ಲಿ ಸ್ವಿಟ್ಸರ್‌ಲೆಂಡಿಗೆ ಕರೆದುಕೊಂಡು ಹೋದ. ಮುಂದೆ ಹೋಟೆಲಿನಲ್ಲಿ ನಗದಿನ ಬದಲು ಕೊಡಬಹುದಾದ ಕೂಪನ್ನುಗಳನ್ನೂ ಜಾರಿಗೆ ತಂದ. ಗುಮಾಸ್ತರು, ಶಾಲಾ ಮಾಸ್ತರರು, ಒಂಟಿ ಹೆಂಗಸರು ಮೊದಲ ಬಾರಿಗೆ ಆಲ್ಪ್ಸ್ ಕಂಡರು. ಗ್ರ್ಯಾಂಡ್ ಟೂರಿನ ಮನೆತನದವರು ಈ ಮಂದೆಯನ್ನು ನೋಡಿ ಮೂಗು ಮುರಿದರು.

ಕುಕ್‌ನ ಯೋಜನೆಯ ಜೀವಾಳ ಒಂದು ಸಾಮಾನ್ಯ ಸಂಗತಿಯಲ್ಲಿತ್ತು: ಬೇರೆ ಬೇರೆ ಕಂಪನಿಗಳ, ಬೇರೆ ಬೇರೆ ದೇಶಗಳ ರೈಲುಗಳಿಗೆ ಒಂದೇ ಕಡೆ ಟಿಕೆಟ್. ಒಂದು ದೇಶದಲ್ಲಿ ಕೊಟ್ಟ ಹಣ ಇನ್ನೊಂದು ದೇಶದ ರೈಲ್ವೆಯ ಲೆಕ್ಕಕ್ಕೆ ಸೇರಬೇಕಾದರೆ ಅವರವರ ನಡುವೆ ಒಪ್ಪಂದ ಬೇಕು. ಇಂದಿನ ಪಾಸಿನ ಬೇರು ಇಲ್ಲಿದೆ.

ಹಳಿ ಮತ್ತು ಗಡಿಯಾರ

ಟಿಕೆಟ್ ಒಂದಾದರೆ ಸಾಲದು, ಹಳಿಗಳೂ ಒಂದಾಗಬೇಕು. ಈ ಕಷ್ಟ ನಮ್ಮ ಕಡೆಯವರಿಗೆ ವಿವರಿಸಬೇಕಾದದ್ದಲ್ಲ. ಎಂಬತ್ತರ ದಶಕದಲ್ಲಿ ಹುಬ್ಬಳ್ಳಿ ಕಡೆಯಿಂದ ಪುಣೆ, ಮುಂಬಯಿಗೆ ಹೊರಟವರು ಮಿರಜದಲ್ಲಿ ಮೀಟರ್ ಗೇಜ್ ಗಾಡಿಯಿಂದ ಇಳಿದು, ಟ್ರಂಕು, ಹಾಸಿಗೆ ಸುರುಳಿ, ಮಕ್ಕಳನ್ನು ಎಣಿಸಿಕೊಂಡು, ಆಚೆಯ ಬ್ರಾಡ್ ಗೇಜ್ ಗಾಡಿಗೆ ಓಡಬೇಕಿತ್ತು. ಯುರೋಪಿನ ಬಹುಭಾಗ ಬ್ರಿಟನ್ನಿನಿಂದ ಎಂಜಿನ್‌ಗಳ ಜೊತೆಗೆ 1435 ಮಿಲಿಮೀಟರಿನ ಅಳತೆಯನ್ನೂ ಪಡೆದದ್ದರಿಂದ ಈ ತೊಂದರೆ ಅಲ್ಲಿ ಕಡಿಮೆಯಾಯಿತು. ಸ್ಪೇನ್ ಮಾತ್ರ 1844ರಲ್ಲಿ ಆರು ಅಡಿಯ ಅಗಲವಾದ ಹಳಿಯನ್ನು ಆರಿಸಿಕೊಂಡಿತು. ಫ್ರಾನ್ಸಿನ ದಂಡಯಾತ್ರೆಯ ಭಯವೇ ಕಾರಣವೆಂಬ ಕಥೆ ಪ್ರಚಾರದಲ್ಲಿದೆ; ಗುಡ್ಡಗಾಡಿನ ಏರಿಗೆ ದೊಡ್ಡ ಬಾಯ್ಲರಿನ ಎಂಜಿನ್ ಬೇಕೆಂಬುದು ಅಂದಿನ ಎಂಜಿನಿಯರುಗಳು ಕೊಟ್ಟ ಕಾರಣ. ಏನೇ ಇರಲಿ, ಫ್ರಾನ್ಸಿನ ಗಡಿಯಲ್ಲಿ ಗಾಡಿ ಬದಲಿಸುವ ಶಿಕ್ಷೆ ಒಂದು ಶತಮಾನಕ್ಕೂ ಮೀರಿ ನಡೆಯಿತು. ಹಳಿಗೆ ತಕ್ಕಂತೆ ಚಕ್ರಗಳ ನಡುವಣ ಅಂತರವನ್ನು ಬದಲಿಸಿಕೊಳ್ಳುವ ಟಾಲ್ಗೊ ಗಾಡಿ 1969ರಲ್ಲಿ ಬಾರ್ಸಿಲೋನಾ ಮತ್ತು ಜಿನೀವಾ ನಡುವೆ ಓಡಿದಾಗ ಅದು ಸುದ್ದಿಯಾದದ್ದು ಸಹಜ.

ಹಳಿಯ ನಂತರ ಗಡಿಯಾರ. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ಊರೂರಿಗೆ ಅದರದೇ ಸೂರ್ಯ, ಅದರದೇ ಮಧ್ಯಾಹ್ನ. ಫ್ರಾನ್ಸಿನಲ್ಲಿ ನಿಲ್ದಾಣದ ಹೊರಗಿನ ಗಡಿಯಾರ ಊರಿನ ಸಮಯ ತೋರಿಸಿದರೆ ಒಳಗಿನದು ಬೇಕೆಂದೇ ಐದು ನಿಮಿಷ ಹಿಂದಿರುತ್ತಿತ್ತು, ತಡವಾಗಿ ಬಂದವರಿಗೂ ಗಾಡಿ ಸಿಗಲೆಂದು. ಆ ಔದಾರ್ಯ 1911ರವರೆಗೆ ನಡೆಯಿತು. ಜರ್ಮನಿ ಇಡೀ ದೇಶಕ್ಕೆ ಒಂದೇ ಸಮಯವನ್ನು ಜಾರಿಗೆ ತಂದದ್ದು 1893ರ ಏಪ್ರಿಲ್ 1ರಂದು. ಅದಕ್ಕೆ ಎರಡು ವರ್ಷ ಮೊದಲು ಜರ್ಮನ್ ಸಂಸತ್ತಿನಲ್ಲಿ ಇದರ ಪರವಾಗಿ ವಾದಿಸಿದ ಮುಖ್ಯ ವ್ಯಕ್ತಿ ವ್ಯಾಪಾರಿಯೂ ಅಲ್ಲ, ವಿಜ್ಞಾನಿಯೂ ಅಲ್ಲ, ತೊಂಬತ್ತು ವರ್ಷದ ದಂಡನಾಯಕ ಹೆಲ್ಮುಟ್ ಫಾನ್ ಮೋಲ್ಟ್‌ಕೆ. ಸೈನ್ಯವನ್ನು ರೈಲಿನಲ್ಲಿ ಗಡಿಗೆ ಸಾಗಿಸಬೇಕಾದರೆ ಊರಿಗೊಂದು ಸಮಯವಿದ್ದರೆ ಆಗದು ಎಂಬುದು ಅವನ ವಾದದ ತಿರುಳು.

ಈ ಸಂಗತಿಯನ್ನು ಓದಿದಾಗ ನನ್ನ ಯೋಜನೆಯ ಹಾಳೆಯ ಬಣ್ಣವೇ ಬದಲಾಯಿತು. ಥಾಮಸ್ ಕುಕ್ ಸಂಸ್ಥೆ 1873ರಿಂದ ಯುರೋಪಿನ ರೈಲು ವೇಳಾಪಟ್ಟಿಯನ್ನು ಪುಸ್ತಕವಾಗಿ ಅಚ್ಚುಮಾಡುತ್ತ ಬಂದಿತು; ತಲೆಮಾರುಗಳ ಪ್ರವಾಸಿಗರಿಗೆ ಅದು ಪಂಚಾಂಗವಿದ್ದಂತೆ. (ಸಂಸ್ಥೆ 2013ರಲ್ಲಿ ಅದನ್ನು ಕೈಬಿಟ್ಟಾಗ, ಅದನ್ನು ಸಂಪಾದಿಸುತ್ತಿದ್ದವರೇ ಮರುವರ್ಷ ಮತ್ತೆ ತಂದರು, 2019ರಲ್ಲಿ ಸಂಸ್ಥೆಯೇ ಮುಳುಗಿತು.) ಪ್ರವಾಸಿಗರ ಆ ಪುಸ್ತಕದ ಮಗ್ಗುಲಲ್ಲೇ, ಸೇನಾಧಿಪತಿಗಳ ಕಪಾಟಿನಲ್ಲಿ, ಇನ್ನೊಂದು ವೇಳಾಪಟ್ಟಿ ಸಿದ್ಧವಾಗುತ್ತಿತ್ತು.

ಅದೇ ಹಳಿಯ ಮೇಲೆ

ನಮ್ಮ ದಾರಿ ಆಮ್‌ಸ್ಟರ್‌ಡ್ಯಾಮಿನಿಂದ ಜರ್ಮನಿಯ ಕಲೋನ್ ನಗರಕ್ಕೆ. ಅಲ್ಲಿ ರೈನ್ ನದಿಗೆ ಅಡ್ಡಲಾಗಿ ಹೋಹೆನ್‌ಝೋಲರ್ನ್ ಎಂಬ ರೈಲು ಸೇತುವೆಯಿದೆ, 1911ರದ್ದು. ಇಂದು ಪ್ರೇಮಿಗಳು ಅದರ ಕಂಬಿಗಳಿಗೆ ಬೀಗ ಹಾಕಿ ಕೀಲಿಯನ್ನು ನದಿಗೆಸೆಯುತ್ತಾರೆ. 1914ರ ಆಗಸ್ಟಿನಲ್ಲಿ ಇದೇ ಸೇತುವೆಯ ಮೇಲೆ ಸುಮಾರು ಹತ್ತು ನಿಮಿಷಕ್ಕೊಂದರಂತೆ, ಹಗಲು ರಾತ್ರಿ, ಎರಡು ವಾರಕ್ಕೂ ಹೆಚ್ಚು ಕಾಲ ಸೈನಿಕರ ಗಾಡಿಗಳು ಬೆಲ್ಜಿಯಮ್ಮಿನತ್ತ ದಾಟಿದವು. ಒಂದು ದೇಶದ ಸೈನ್ಯ ಗಾಡಿ ಹತ್ತಿತೆಂದರೆ ಪಕ್ಕದ ದೇಶವೂ ತನ್ನ ವೇಳಾಪಟ್ಟಿಯನ್ನು ಚಾಲನೆಗೆ ತರಲೇಬೇಕು. ಒಮ್ಮೆ ಹೊರಟದ್ದನ್ನು ನಡುವೆ ತಡೆದರೆ ಎಲ್ಲ ಅಸ್ತವ್ಯಸ್ತ. ಇತಿಹಾಸಕಾರ ಎ.ಜೆ.ಪಿ. ಟೇಲರ್ ಮೊದಲ ಮಹಾಯುದ್ಧವನ್ನು ವೇಳಾಪಟ್ಟಿಯ ಯುದ್ಧವೆಂದು ಕರೆದದ್ದು ಈ ಅರ್ಥದಲ್ಲಿ. ಯುದ್ಧದ ಎಲ್ಲ ಕಾರಣಗಳನ್ನೂ ರೈಲಿನ ತಲೆಗೆ ಕಟ್ಟುವುದು ತಪ್ಪಾದೀತು. ಆದರೆ ಜನರನ್ನು ಬೆಸೆಯಲೆಂದು ಹಾಕಿದ ಹಳಿ ತಾನೇ ತಾನಾಗಿ ಶಾಂತಿಯನ್ನು ತರುವುದಿಲ್ಲ ಎಂಬುದಕ್ಕೆ ಆ ಸೇತುವೆ ಸಾಕ್ಷಿ.

ಎರಡನೆಯ ಯುದ್ಧದ ಕಥೆ ಇನ್ನೂ ಘೋರ. ನಾಝಿ ಆಡಳಿತ ಯಹೂದಿಗಳನ್ನು ಕೊಲೆಶಿಬಿರಗಳಿಗೆ ಸಾಗಿಸಿದ ಗಾಡಿಗಳಿಗೆ ಜರ್ಮನ್ ರೈಲ್ವೆ ದರಪಟ್ಟಿಯ ಪ್ರಕಾರ ಹಣ ಪಡೆಯಿತು: ಮೂರನೆಯ ದರ್ಜೆಯ ಒಂದು ದಿಕ್ಕಿನ ಪ್ರಯಾಣದರ, ಚಿಕ್ಕ ಮಕ್ಕಳಿಗೆ ಅರ್ಧ, ಕೂಸುಗಳಿಗೆ ಉಚಿತ, 400ಕ್ಕಿಂತ ಹೆಚ್ಚು ಜನರಿದ್ದರೆ ಗುಂಪಿನ ರಿಯಾಯಿತಿ. ಇತಿಹಾಸಕಾರ ರೌಲ್ ಹಿಲ್‌ಬರ್ಗ್ ಈ ಕಾಗದಪತ್ರಗಳನ್ನು ಹುಡುಕಿ ತೆಗೆದರು. ಥಾಮಸ್ ಕುಕ್ ಬಡವರನ್ನು ವಿಹಾರಕ್ಕೆ ಕರೆದೊಯ್ಯಲು ಬಳಸಿದ ಗುಂಪಿನ ದರ ಎಂಬ ಉಪಾಯವೇ ಇಲ್ಲಿ ಇಂಥ ಕೆಲಸಕ್ಕೆ ಬಂದಿತ್ತು. ಸರ್ಕಾರಿ ಕಡತಗಳ ನಡುವೆ ಬದುಕುವ ನನಗೆ ಇದನ್ನು ಓದಿ ಬಹಳ ಹೊತ್ತು ಮುಂದಕ್ಕೆ ಹೋಗಲಾಗಲಿಲ್ಲ. ಯಾರೋ ಒಬ್ಬ ಗುಮಾಸ್ತ ದರವನ್ನು ಸರಿಯಾಗಿ ಲೆಕ್ಕ ಹಾಕಿ, ಬಿಲ್ಲಿಗೆ ಸಹಿ ಹಾಕಿ, ಸಂಜೆ ಮನೆಗೆ ಹೋಗಿರಬೇಕು. ನಾವು ಮೊದಲು ಹತ್ತಲಿರುವ ಡಚ್ ರೈಲ್ವೆ ಯುದ್ಧಕಾಲದ ತನ್ನ ಪಾತ್ರಕ್ಕಾಗಿ 2005ರಲ್ಲಿ ಕ್ಷಮೆ ಕೇಳಿತು. 2019ರಲ್ಲಿ ಬದುಕುಳಿದವರಿಗೂ ಅವರ ಕುಟುಂಬಗಳಿಗೂ ಪರಿಹಾರ ಕೊಡಲು ಮುಂದಾಯಿತು.

ಹಾಸಿಗೆ

ಕಲೋನಿನಿಂದ ಹಾಗೆನ್ ಎಂಬಲ್ಲಿ ಗಾಡಿ ಬದಲಿಸಿದರೆ ಆಲ್ಟೆನಾ ಎಂಬ ಸಣ್ಣ ಊರು ಸಿಗುತ್ತದೆ. ಪ್ರವಾಸಿಗರ ಸಾಮಾನ್ಯ ಪಟ್ಟಿಯಲ್ಲಿ ಅದಿಲ್ಲ. ನಾನು ಹಠ ಮಾಡಿ ಸೇರಿಸಿದ್ದೇನೆ, ಏಕೆಂದರೆ ಅಗ್ಗದ ಪ್ರಯಾಣದ ಅರ್ಧ ಭಾಗ ರಾತ್ರಿಯ ಹಾಸಿಗೆಯಲ್ಲಿದೆ, ಆ ಹಾಸಿಗೆ ಹುಟ್ಟಿದ್ದು ಇಲ್ಲಿ.

ರಿಚರ್ಡ್ ಶಿರ್‌ಮನ್ ಆಲ್ಟೆನಾದ ಶಾಲಾ ಮಾಸ್ತರ. ಕಾರ್ಖಾನೆಯ ಹೊಗೆಯಲ್ಲಿ ಬೆಳೆಯುವ ಮಕ್ಕಳನ್ನು ಕಾಡು ಬೆಟ್ಟ ಸುತ್ತಿಸುವುದು ಅವನ ಪಾಠಕ್ರಮ. 1909ರ ಆಗಸ್ಟಿನ ಒಂದು ರಾತ್ರಿ ಗುಡುಗು ಮಳೆಗೆ ಸಿಕ್ಕಿದ ಮಾಸ್ತರನೂ ಮಕ್ಕಳೂ ಹಳ್ಳಿಯ ಶಾಲೆಯೊಂದರಲ್ಲಿ ಹುಲ್ಲು ಹಾಸಿಕೊಂಡು ಮಲಗಬೇಕಾಯಿತು. ನಿದ್ರೆ ಬಾರದ ಮಾಸ್ತರನಿಗೆ ಹೊಳೆದದ್ದು ಇದು: ರಜೆಯಲ್ಲಿ ಶಾಲೆಗಳೆಲ್ಲ ಖಾಲಿ, ಒಂದು ದಿನದ ನಡಿಗೆಯ ದೂರಕ್ಕೊಂದರಂತೆ ಮಕ್ಕಳಿಗೆ ಮಲಗಲು ಜಾಗ ಏಕಿರಬಾರದು? ಕೆಲವೇ ವರ್ಷಗಳಲ್ಲಿ ಆಲ್ಟೆನಾದ ಹಳೆಯ ಕೋಟೆಯಲ್ಲಿ ಮೊದಲ ಕಾಯಂ ಯೂತ್ ಹಾಸ್ಟೆಲ್ ತೆರೆಯಿತು. ಅಂದಿನ ಭಾರವಾದ ಮರದ ಅಟ್ಟಣಿಗೆ ಮಂಚಗಳನ್ನು ಇಂದಿಗೂ ಅಲ್ಲಿ ವಸ್ತುಸಂಗ್ರಹಾಲಯವಾಗಿ ಉಳಿಸಿದ್ದಾರೆ.

ಯುದ್ಧ ಬಂದಾಗ ಶಿರ್‌ಮನ್ ಸೈನ್ಯಕ್ಕೆ ಹೋದ. 1915ರ ಕ್ರಿಸ್‌ಮಸ್‌ನಲ್ಲಿ ವೋಜ್ ಬೆಟ್ಟಗಳ ಕಂದಕಗಳಲ್ಲಿ ಜರ್ಮನ್ ಮತ್ತು ಫ್ರೆಂಚ್ ಸೈನಿಕರು ತಾವಾಗಿಯೇ ಗುಂಡು ನಿಲ್ಲಿಸಿ, ಒಬ್ಬರಿಗೊಬ್ಬರು ರೊಟ್ಟಿ, ಮದ್ಯ, ಸಿಗರೇಟು ಹಂಚಿಕೊಂಡದ್ದನ್ನು ಅವನು ಕಣ್ಣಾರೆ ಕಂಡು ಬರೆದಿಟ್ಟ. ದೇಶದೇಶಗಳ ಎಳೆಯರು ಒಂದೆಡೆ ಸೇರಿ ಪರಿಚಯವಾಗುವ ತಾಣಗಳಿದ್ದರೆ ಎಂಬ ವಿಚಾರ ಅವನಲ್ಲಿ ಗಟ್ಟಿಯಾಯಿತು. 1932ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹಾಸ್ಟೆಲುಗಳ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಗಿ ಶಿರ್‌ಮನ್ ಅದರ ಅಧ್ಯಕ್ಷನಾದ. ಮರುವರ್ಷವೇ ಹಿಟ್ಲರನ ಯುವದಳ ಜರ್ಮನಿಯ ಹಾಸ್ಟೆಲುಗಳನ್ನು ವಶಕ್ಕೆ ತೆಗೆದುಕೊಂಡಿತು. ಕೆಲವು ವರ್ಷಗಳಲ್ಲಿ ಅಧ್ಯಕ್ಷ ಪದವಿಯೂ ಅವನ ಕೈತಪ್ಪಿತು. ಅವನು ಯುದ್ಧದ ನಂತರ ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು.

ಪಾಸ್

ಯುದ್ಧ ಮುಗಿದ ಮೇಲೆ ಯುರೋಪಿನ ರೈಲ್ವೆಗಳ ಮುಂದಿದ್ದ ಪ್ರಶ್ನೆ ವ್ಯವಹಾರದ್ದು: ಜನ ಕಾರು, ವಿಮಾನಗಳತ್ತ ಹೊರಳುತ್ತಿದ್ದರು. 1959ರಲ್ಲಿ ಅಮೆರಿಕದಿಂದ ಬರುವವರಿಗೆಂದು ಯುರೇಲ್ ಪಾಸ್ ಬಂತು. ಹಲವು ದೇಶಗಳ ರೈಲ್ವೆಗಳು ತಮ್ಮಲ್ಲೇ ಲೆಕ್ಕ ಹಂಚಿಕೊಂಡು, ಪ್ರಯಾಣಿಕನ ಕೈಗೆ ಒಂದೇ ಕಾಗದ ಕೊಟ್ಟವು. ಹದಿಮೂರು ವರ್ಷಗಳ ಬಳಿಕ ಯುರೋಪಿನವರ ಸರದಿ. ಅಂತರರಾಷ್ಟ್ರೀಯ ರೈಲ್ವೆ ಒಕ್ಕೂಟ 1922ರಲ್ಲಿ ಸ್ಥಾಪನೆಯಾಗಿತ್ತು. ಅದರ ಐವತ್ತನೆಯ ವರ್ಷದ ನೆನಪಿಗೆ 1972ರಲ್ಲಿ, ಆ ಒಂದು ವರ್ಷಕ್ಕೆ ಮಾತ್ರವೆಂದು, 21 ವರ್ಷದೊಳಗಿನವರಿಗೆ 21 ದೇಶಗಳಲ್ಲಿ ಒಂದು ತಿಂಗಳು ಎರಡನೆಯ ದರ್ಜೆಯಲ್ಲಿ ತಿರುಗುವ ಇಂಟರ್‌ರೇಲ್ ಪಾಸ್ ತಂದರು. ಬ್ರಿಟನ್ನಿನಲ್ಲಿ ಬೆಲೆ ಇಪ್ಪತ್ತೇಳೂವರೆ ಪೌಂಡ್. ಮೊದಲ ವರ್ಷವೇ ಎಂಬತ್ತು ಸಾವಿರಕ್ಕೂ ಹೆಚ್ಚು ಯುವಜನ ಕೊಂಡರು, ಒಂದು ವರ್ಷದ ಯೋಜನೆ ಅರ್ಧ ಶತಮಾನ ದಾಟಿತು. ವಯಸ್ಸಿನ ಮಿತಿ 1979ರಲ್ಲಿ 26ಕ್ಕೆ ಏರಿತು, 1998ರಲ್ಲಿ ಪೂರ್ತಿ ಹೋಯಿತು. 2018ರಿಂದ ಯುರೋಪ್ ಒಕ್ಕೂಟ ಹದಿನೆಂಟು ತುಂಬಿದ ಸಾವಿರಾರು ಯುವಜನರಿಗೆ ಇದೇ ಪಾಸನ್ನು ಉಚಿತವಾಗಿ ಹಂಚುತ್ತಿದೆ. ನೆರೆಯ ದೇಶವನ್ನು ಒಮ್ಮೆ ಕಂಡವನು ಅದನ್ನು ದ್ವೇಷಿಸುವ ಮುನ್ನ ಯೋಚಿಸುತ್ತಾನೆ ಎಂಬ ನಂಬಿಕೆಯಿಂದ ಇರಬೇಕು.

ಈ ಪಾಸಿನಲ್ಲಿ ಎರಡು ಬಾಗಿಲುಗಳಿರುವುದನ್ನು ಗಮನಿಸಬೇಕು. ಇಂಟರ್‌ರೇಲ್ ಯುರೋಪಿನ ನಿವಾಸಿಗಳಿಗೆ. ನಾವು ಯುರೇಲ್ ಕೊಳ್ಳಬೇಕು. ಈಗ ಅದು 33 ದೇಶಗಳಲ್ಲಿ ನಡೆಯುತ್ತದೆ. 27ರವರೆಗಿನ ವಯಸ್ಸಿನವರಿಗೆ ರಿಯಾಯಿತಿ ಇರುವುದರಿಂದ ಮಗಳದ್ದು ನನಗಿಂತ ಅಗ್ಗ. ಎರಡು ತಿಂಗಳ ಅವಧಿಯೊಳಗೆ ಹತ್ತು ಪ್ರಯಾಣದ ದಿನಗಳ ಪಾಸನ್ನು ನಾವು ಆರಿಸಿದ್ದೇವೆ. ಇದೇ ದಾರಿಯನ್ನು ಯೋಚಿಸುತ್ತಿರುವ ಓದುಗರಿಗಾಗಿ ನಮ್ಮ ಲೆಕ್ಕಾಚಾರವನ್ನು ಇಲ್ಲಿ ಹೇಳಿಬಿಡುತ್ತೇನೆ. ಪಾಸಿನ ಬೆಲೆಯನ್ನು ಹತ್ತರಿಂದ ಭಾಗಿಸಿ, ಒಂದು ದಿನದ ಬೆಲೆಗಿಂತ ಬಿಡಿ ಟಿಕೆಟ್ ಅಗ್ಗವಾಗುವ ಸಣ್ಣ ಪ್ರಯಾಣಗಳಿಗೆ ಪಾಸ್ ಬಳಸಬಾರದು. ದೂರದ ದಿನಗಳಿಗೆ ಉಳಿಸಿಕೊಳ್ಳಬೇಕು. ಫ್ರಾನ್ಸ್, ಸ್ಪೇನ್, ಇಟಲಿಗಳ ವೇಗದ ಗಾಡಿಗಳಿಗೆ ಪಾಸ್ ಇದ್ದರೂ ಆಸನ ಕಾಯ್ದಿರಿಸಲು ಬೇರೆ ಹಣ ತೆರಬೇಕು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಸರ್‌ಲೆಂಡ್‌ಗಳಲ್ಲಿ ಬಹುತೇಕ ಗಾಡಿಗಳಿಗೆ ಆ ಕಟ್ಟಳೆಯಿಲ್ಲ. ಮನಸ್ಸು ಬಂದಲ್ಲಿ ಇಳಿಯುವ ಹಳೆಯ ಸ್ವಾತಂತ್ರ್ಯ ಇಂದಿಗೂ ಹೆಚ್ಚು ಉಳಿದಿರುವುದು ಆ ದೇಶಗಳಲ್ಲಿ. ಜರ್ಮನ್ ರೈಲ್ವೆ 2016ರಲ್ಲಿ ಕೈಬಿಟ್ಟ ಮಲಗುವ ಬೋಗಿಗಳ ಗಾಡಿಗಳನ್ನು ಆಸ್ಟ್ರಿಯಾದ ರೈಲ್ವೆ 'ನೈಟ್‌ಜೆಟ್' ಎಂಬ ಹೆಸರಿನಲ್ಲಿ ಮುಂದುವರಿಸಿದೆ. ರಾತ್ರಿ ಪ್ರಯಾಣ ಒಂದು ಹಾಸ್ಟೆಲಿನ ಬಾಡಿಗೆಯನ್ನು ಉಳಿಸುತ್ತದೆ, ಮಲಗುವ ಜಾಗವನ್ನು ಮೊದಲೇ ಕಾದಿರಿಸಿದ್ದರೆ. ಲಕ್ಸೆಂಬರ್ಗ್ ದೇಶದಲ್ಲಿ 2020ರಿಂದ ಬಸ್ಸು, ಟ್ರಾಮು, ಎರಡನೆಯ ದರ್ಜೆಯ ರೈಲು ಎಲ್ಲರಿಗೂ ಉಚಿತ. ಅಲ್ಲಿ ಪಾಸನ್ನು ಮುಟ್ಟುವ ಅಗತ್ಯವೇ ಇಲ್ಲ.

ರಹದಾರಿ

ಲಕ್ಸೆಂಬರ್ಗಿಗೆ ನಾವು ಹೋಗುತ್ತಿರುವುದು ಉಚಿತ ಬಸ್ಸಿಗಾಗಿ ಮಾತ್ರವಲ್ಲ. ಆ ದೇಶದ ಮೂಲೆಯಲ್ಲಿ, ಮೊಸೆಲ್ ನದಿಯ ದಂಡೆಯಲ್ಲಿ, ಫ್ರಾನ್ಸ್ ಮತ್ತು ಜರ್ಮನಿಗಳ ಗಡಿ ಕೂಡುವಲ್ಲಿ, ಶೆಂಗೆನ್ ಎಂಬ ದ್ರಾಕ್ಷಿತೋಟಗಳ ಹಳ್ಳಿಯಿದೆ. ನಮ್ಮ ಪಾಸ್‌ಪೋರ್ಟಿಗೆ ಅಂಟಿಸಬೇಕಾದ ಚೀಟಿಯ ಹೆಸರು ಇದೇ ಊರಿನದು.

ರಹದಾರಿಯ ಚರಿತ್ರೆಯಲ್ಲಿ ಮುಂದೆ ಹೋದದ್ದಕ್ಕಿಂತ ಹಿಂದೆ ಬಂದದ್ದೇ ಹೆಚ್ಚು. 1914ಕ್ಕೆ ಮುನ್ನ ಪಶ್ಚಿಮ ಯುರೋಪಿನ ಬಹುಭಾಗದಲ್ಲಿ ಗಡಿ ದಾಟಲು ಪಾಸ್‌ಪೋರ್ಟ್ ಬೇಕಿರಲಿಲ್ಲ. ರಷ್ಯಾ, ತುರ್ಕಿಗಳು ಅಪವಾದ. ತಾನು ಪಾಸ್‌ಪೋರ್ಟಿಲ್ಲದೆ ಭಾರತಕ್ಕೂ ಅಮೆರಿಕಕ್ಕೂ ಹೋಗಿ ಬಂದದ್ದನ್ನು ಹೇಳಿದರೆ ಇಂದಿನ ಎಳೆಯರು ಬೆರಗಾಗುತ್ತಾರೆ ಎಂದು ಸ್ಟೆಫಾನ್ ಜ್ವೈಗ್ ತನ್ನ ಆತ್ಮಕಥನದಲ್ಲಿ ನೆನೆದಿದ್ದಾನೆ. ಯುದ್ಧಕಾಲದ ತಾತ್ಕಾಲಿಕ ಕ್ರಮವೆಂದು ಬಂದ ಪಾಸ್‌ಪೋರ್ಟ್ ಯುದ್ಧ ಮುಗಿದ ಮೇಲೆ ಹೋಗಲಿಲ್ಲ. 1920ರಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಪ್ಯಾರಿಸ್ಸಿನಲ್ಲಿ ಸಮ್ಮೇಳನ ಸೇರಿ, ಅದರ ಆಕಾರ, ಪುಟಗಳು ಹೇಗಿರಬೇಕೆಂದು ಗೊತ್ತುಮಾಡಿದರು. ಆಡಳಿತ ಒಮ್ಮೆ ಕೈಗೆ ತೆಗೆದುಕೊಂಡ ಅಧಿಕಾರವನ್ನು ತಾನಾಗಿ ಬಿಡುವುದು ಅಪರೂಪ. ಇದನ್ನು ನೌಕರನಾಗಿ ನಾನೂ ಬಲ್ಲೆ.

ಕಳೆದುಹೋದದ್ದು ಮರಳಿ ಬರಲು ಎಪ್ಪತ್ತು ವರ್ಷ ಹಿಡಿಯಿತು. 1985ರ ಜೂನ್ 14ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಬೆಲ್ಜಿಯಂ, ನೆದರ್‌ಲೆಂಡ್ಸ್, ಲಕ್ಸೆಂಬರ್ಗ್ ಪ್ರತಿನಿಧಿಗಳು ಶೆಂಗೆನ್ ಬಳಿ ನದಿಯ ಮೇಲೆ 'ಪ್ರಿನ್ಸೆಸ್ ಮಾರಿ-ಆಸ್ಟ್ರಿಡ್' ಎಂಬ ದೋಣಿಯಲ್ಲಿ ಕುಳಿತು ಒಳಗಡಿಗಳ ತಪಾಸಣೆಯನ್ನು ಕೈಬಿಡುವ ಒಪ್ಪಂದಕ್ಕೆ ಸಹಿ ಹಾಕಿದರು. ಜಾರಿಗೆ ಬರಲು ಮತ್ತೆ ಹತ್ತು ವರ್ಷ, 1995. ಈಗ 29 ದೇಶಗಳು ಅದರಲ್ಲಿವೆ. ಒಳಗಿನ ಗಡಿಗಳು ಮಸುಕಾದಂತೆ ಹೊರಗಿನ ಗಡಿ ಗಟ್ಟಿಯಾಯಿತು. ಒಳಗೆ ಕಾಲಿಟ್ಟ ಮೇಲೆ ನಾವು ಸಾಮಾನ್ಯವಾಗಿ ತಡೆಯಿಲ್ಲದೆ ಊರಿಂದೂರಿಗೆ ಹೋಗಬಹುದು, ಆರು ತಿಂಗಳಲ್ಲಿ 90 ದಿನ ಮೀರದಂತೆ. ಕಾಲಿಡುವ ಮುನ್ನ 90 ಯೂರೋ ಶುಲ್ಕ, 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ, ಬ್ಯಾಂಕಿನ ಲೆಕ್ಕಪತ್ರ, ವಸತಿಯ ದಾಖಲೆ, ಮತ್ತು ದಿನಚರಿ. ಅರ್ಜಿ ಹೆಚ್ಚು ದಿನ ತಂಗುವ ದೇಶಕ್ಕೆ ಹೋಗಬೇಕು. ನಮ್ಮ ಪಟ್ಟಿಯಲ್ಲಿ ಅದು ಜರ್ಮನಿ.

ಒಳಗಡಿಗಳೂ ಗಟ್ಟಿಯಾಗಿದ್ದ ಕಾಲದಲ್ಲಿ ನಮ್ಮ ನಾಡಿನ ಒಬ್ಬ ಯುವಕ ಇದೇ ರೀತಿ ಬೆನ್ನುಚೀಲ ಹೊತ್ತು ಹೊರಟಿದ್ದ. 1974ರಲ್ಲಿ, ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಎನ್.ಆರ್. ನಾರಾಯಣಮೂರ್ತಿಯವರು, ದಾರಿಯಲ್ಲಿ ಸಿಕ್ಕ ವಾಹನಗಳನ್ನು ಹಿಡಿಯುತ್ತ ಮೈಸೂರಿಗೆ ಮರಳುತ್ತಿದ್ದರು. ಅಂದಿನ ಯುಗೊಸ್ಲಾವಿಯಾದ ನಿಶ್ ನಿಲ್ದಾಣದಲ್ಲಿ ಸೋಫಿಯಾದತ್ತ ಹೊರಟ ಗಾಡಿ ಹತ್ತಿದರು. ಬೋಗಿಯಲ್ಲಿದ್ದ ಒಬ್ಬ ಹುಡುಗಿಯೊಡನೆ ಫ್ರೆಂಚ್‌ನಲ್ಲಿ ಮಾತಾಡುತ್ತಿದ್ದಾಗ, ಅವಳ ಜೊತೆಗಿದ್ದವನ ದೂರಿನ ಮೇಲೆ ಪೊಲೀಸರು ಬಂದರು. ಅವರನ್ನು ಎಳೆದೊಯ್ದು ಎಂಟಡಿ ಚೌಕದ ತಣ್ಣನೆಯ ಕೋಣೆಯಲ್ಲಿ 72 ಗಂಟೆಗೂ ಮೀರಿ ಅನ್ನ ನೀರಿಲ್ಲದೆ ಕೂಡಿಟ್ಟರು. ಕೊನೆಗೆ ಸರಕು ರೈಲಿನ ಗಾರ್ಡಿನ ಡಬ್ಬಿಯಲ್ಲಿ ಹಾಕಿ, ಭಾರತ ಮಿತ್ರದೇಶವಾದ್ದರಿಂದ ಬಿಡುತ್ತಿದ್ದೇವೆ ಎಂದು ಹೇಳಿ ಇಸ್ತಾಂಬುಲ್‌ಗೆ ಕಳಿಸಿದರಂತೆ. ತಮ್ಮ ಎಡಪಂಥೀಯ ಒಲವು ಅಲ್ಲಿಗೆ ಮುಗಿಯಿತೆಂದು ಅವರು ಭಾಷಣಗಳಲ್ಲಿ ಹಲವು ಬಾರಿ ಹೇಳಿದ್ದಾರೆ. ಆ ನಿರ್ಣಯದ ಚರ್ಚೆ ಇಲ್ಲಿ ಬೇಡ. ಇಂಟರ್‌ರೇಲ್ ಪಾಸ್ ಎರಡು ವರ್ಷದ ಕೂಸಾಗಿದ್ದ ದಿನಗಳಲ್ಲಿ, ಅದೇ ಖಂಡದ ಹಳಿಗಳ ಮೇಲೆ, ಸಹಪ್ರಯಾಣಿಕರೊಡನೆ ಒಂದು ಮಾತಾಡಿದ್ದಕ್ಕೆ ಇಂಥ ಬೆಲೆ ತೆರಬೇಕಿತ್ತು ಎಂಬುದಷ್ಟೇ ನನಗೆ ಮುಖ್ಯ.

ಹೊರಡುವ ಹಕ್ಕು

ತಡೆ ಹಾಕುತ್ತಿದ್ದವರು ಹೊರಗಿನವರು ಮಾತ್ರವಲ್ಲ. ನಮ್ಮ ದೇಶದಲ್ಲಿಯೇ 1967ರವರೆಗೆ ಪಾಸ್‌ಪೋರ್ಟ್ ಸರ್ಕಾರದ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ವಿದೇಶಕ್ಕೆ ಹೋಗುವ ಹಕ್ಕು ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೇ ಸೇರಿದೆ ಎಂದು ತೀರ್ಪು ಕೊಟ್ಟಿತು. ಅದರ ಬೆನ್ನಿಗೇ ಪಾಸ್‌ಪೋರ್ಟ್ ಕಾಯಿದೆ ಬಂತು. ಹಕ್ಕು ಬಂದರೂ ಹಣ ಬರಲಿಲ್ಲ. ಎಪ್ಪತ್ತರ ದಶಕದಲ್ಲಿ ಎಂಟೇ ಡಾಲರ್ ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತಿದ ಕಥೆಗಳನ್ನು ನಮ್ಮ ಹಿರಿಯರಿಂದ ಕೇಳಿದ್ದೇವೆ. ಇಂದು ಒಬ್ಬ ಭಾರತೀಯ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಅಷ್ಟು ಹಣ ಯಾರಲ್ಲಿದೆ ಎಂಬುದು ಬೇರೆ ಮಾತು. ಧಾರವಾಡದ ದಿನಗಳಲ್ಲಿ ಕಾರಂತರ 'ಅಪೂರ್ವ ಪಶ್ಚಿಮ'ವನ್ನು ಗ್ರಂಥಾಲಯದಿಂದ ತಂದು ಓದುವಾಗ, ಅಲ್ಲಿಗೆ ಹೋಗುವುದು ನಮ್ಮಂಥವರ ಬದುಕಿನ ಬಾಬು ಎಂದು ಒಮ್ಮೆಯೂ ಅನಿಸಿರಲಿಲ್ಲ. ಇಂಟರ್‌ರೇಲಿನ ಮೊದಲ ಮಿತಿಯಾದ ಇಪ್ಪತ್ತೊಂದು ಆಗ ನನ್ನ ವಯಸ್ಸು. ನನ್ನ ಬಳಿ ಪಾಸ್‌ಪೋರ್ಟ್ ಕೂಡ ಇರಲಿಲ್ಲ.

ನೌಕರನಾದ ಮೇಲೆ ಇನ್ನೊಂದು ಅನುಮತಿಯೂ ಸೇರಿತು. ಖಾಸಗಿ ವಿದೇಶ ಪ್ರವಾಸಕ್ಕೆ ಕಚೇರಿಯ ಒಪ್ಪಿಗೆ ಬೇಕು; ಅಂದಾಜು ವೆಚ್ಚವೆಷ್ಟು, ಹಣದ ಮೂಲ ಯಾವುದು ಎಂದು ನಮೂನೆಯಲ್ಲಿ ಬರೆಯಬೇಕು. ರಜಾ ಪ್ರಯಾಣ ರಿಯಾಯಿತಿ ದೇಶದ ಗಡಿಯಲ್ಲಿ ನಿಲ್ಲುತ್ತದೆ. ನನ್ನ ಅರ್ಜಿಯನ್ನು ಓದಿದ ಮೇಲಧಿಕಾರಿಗಳು, "ಗುಂಪಿನ ಪ್ಯಾಕೇಜ್ ತೊಗೊಳ್ಳಬಹುದಿತ್ತಲ್ಲ, ಈ ವಯಸ್ಸಿನಲ್ಲಿ ಹಾಸ್ಟೆಲ್ ಯಾಕ್ರೀ?" ಎಂದು ನಕ್ಕು ಸಹಿ ಹಾಕಿದರು.

ಅವರ ಪ್ರಶ್ನೆಗೆ ಅಲ್ಲಿ ಉತ್ತರ ಕೊಡಲಿಲ್ಲ. ಹಣ ಉಳಿಯುತ್ತದೆ ಎಂಬುದು ನಿಜವಾದ ಕಾರಣಗಳಲ್ಲಿ ಒಂದು. ಇನ್ನೊಂದು ಕಾರಣ ಈ ಓದಿನಿಂದ ಸ್ಪಷ್ಟವಾಯಿತು. ಅಗ್ಗವಾಗಿ, ಭಯವಿಲ್ಲದೆ ದೇಶದಿಂದ ದೇಶಕ್ಕೆ ಹೋಗುವುದು ಸಾಮಾನ್ಯರಿಗೆ ತಾನಾಗಿ ದಕ್ಕಿದ ಸೌಕರ್ಯವಲ್ಲ. ಒಬ್ಬ ಬಡಗಿ, ಒಬ್ಬ ಶಾಲಾ ಮಾಸ್ತರ, ಹೆಸರಿಲ್ಲದ ರೈಲ್ವೆ ಅಧಿಕಾರಿಗಳು, ದೋಣಿಯಲ್ಲಿ ಕುಳಿತ ಐದು ದೇಶಗಳ ಪ್ರತಿನಿಧಿಗಳು, ನಮ್ಮಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಒಬ್ಬ ಅರ್ಜಿದಾರ, ಇವರೆಲ್ಲ ಒಂದೊಂದು ಕಾಗದಕ್ಕಾಗಿ ದುಡಿದ ಫಲ ಅದು. 1914ರಲ್ಲಿ ಅದು ಒಂದು ವಾರದಲ್ಲಿ ಕೈಬಿಟ್ಟು ಹೋಯಿತು. ಈಚಿನ ವರ್ಷಗಳಲ್ಲಿ ಜರ್ಮನಿಯೂ ಸೇರಿದಂತೆ ಕೆಲವು ಶೆಂಗೆನ್ ದೇಶಗಳು ಒಳಗಡಿಗಳಲ್ಲಿ ಮತ್ತೆ ತಪಾಸಣೆ ಆರಂಭಿಸಿವೆ, ತಾತ್ಕಾಲಿಕವೆಂದು ಹೇಳುತ್ತ. ಆ ಪದದ ಚರಿತ್ರೆ ತಿಳಿದ ಮೇಲೆ, ಮಗಳು ಇಪ್ಪತ್ತರಲ್ಲಿ ಇದನ್ನು ಕಾಣಲಿ, ನಾನೂ ತಡವಾಗಿಯಾದರೂ ಕಾಣುತ್ತೇನೆ ಎನಿಸಿತು.

ಕೊನೆಗೆ ದಿನಚರಿಯನ್ನು ತುಂಬಿದೆವು. ಆಮ್‌ಸ್ಟರ್‌ಡ್ಯಾಮ್, ಕಲೋನ್, ಅಲ್ಲಿಂದ ಹಗಲಿಗೆ ಆಲ್ಟೆನಾ, ಲಕ್ಸೆಂಬರ್ಗ್, ಜರ್ಮನಿಯ ಇನ್ನೂ ಮೂರು ಊರು, ಬಾಸೆಲ್, ವೆನಿಸ್, ವಿಯೆನ್ನಾ. ರದ್ದು ಮಾಡಬಹುದಾದ ಹಾಸಿಗೆಗಳನ್ನೇ ಹುಡುಕಿ ಕಾದಿರಿಸಿದೆವು. ಬರೆದಂತೆಯೇ ನಡೆಯುವುದು ನಮ್ಮ ಇರಾದೆ. ಸರ್ಕಾರಿ ನೌಕರ ಸುಳ್ಳು ಕಾಗದ ಕೊಡಲಾರ. ಆದರೆ ಜರ್ಮನಿಯ ಒಂದು ಊರಿನಲ್ಲಿ ಮೂರು ರಾತ್ರಿ ಒಟ್ಟಿಗೆ ತಂಗುವಂತೆ ಮಗಳು ಪಟ್ಟಿ ಮಾಡಿದ್ದಾಳೆ. ಏಕೆಂದು ಕೇಳಿದೆ.

"ರಾತ್ರಿ ಎಲ್ಲಿರ್ತೀವಿ ಅಂತಷ್ಟೇ ಅವರು ಕೇಳಿರೋದು. ಹಗಲು ನಿಲ್ದಾಣಕ್ಕೆ ಹೋಗಿ ಮೊದಲು ಬಂದ ಗಾಡಿ ಹತ್ತೋಣ, ಕತ್ತಲಾಗೋದ್ರೊಳಗೆ ವಾಪಸ್ ಬಂದ್ರಾಯ್ತು" ಎಂದಳು.

ಆ ಎರಡು ಹಗಲುಗಳಿಗೆ ಪಾಸಿನ ದಿನಗಳನ್ನು ಬೇರೆಯಾಗಿ ತೆಗೆದಿಟ್ಟಿದ್ದೇವೆ.